ಹತ್ತಕ್ಕೆ ಎಷ್ಟು?

ಬೆಳಿಗ್ಗೆ ಏಳಕ್ಕೆ ಸರಿಯಾಗಿ ಬಿಸ್ಕತ್ತಿನ ಡಬ್ಬಿ ಮೇಜಿನ ಮೇಲೆ ಬಂದು ಕೂರುತ್ತಿತ್ತು. ಹಳೆಯ ತಗಡಿನ ಡಬ್ಬಿ. ಮುಚ್ಚಳದ ಮೇಲಿನ ಹೂವಿನ ಚಿತ್ರ ಅರ್ಧ ಸವೆದುಹೋಗಿತ್ತು. ಒಳಗೆ ಬಿಸ್ಕತ್ತು ಇರಲಿಲ್ಲ. ಗಗನಯಾತ್ರಿಗಳ ಆ ತರಬೇತಿ ಕೇಂದ್ರದಲ್ಲಿ ಮನುಷ್ಯನನ್ನು ಕೂರಿಸಿ ಗರಗರ ತಿರುಗಿಸಿ ಕರುಳು ಬಾಯಿಗೆ ತರುವ ದೊಡ್ಡ ಯಂತ್ರವಿತ್ತು, ಅದಕ್ಕೆ ಎಲ್ಲರೂ ಗಿರಗಿಟ್ಲೆ ಅನ್ನುತ್ತಿದ್ದರು. ಗಾಳಿ ಹೀರಿ ತೆಗೆಯುವ ಕೋಣೆಯಿತ್ತು, ನಾಲ್ಕಾಳು ಆಳದ ನೀರಿನ ಕೊಳವಿತ್ತು. ಆದರೆ ಅಲ್ಲಿದ್ದವರು ನಿಜವಾಗಿ ಹೆದರುತ್ತಿದ್ದದ್ದು ಈ ಡಬ್ಬಿಗೆ.

ನಿಯಮವೇನೋ ಸರಳ. ಜೋಡಿಯಲ್ಲಿ ಇಬ್ಬರು. ಈ ಹೊತ್ತು ನಿನ್ನ ಜೊತೆಗಾರರು ಹತ್ತಕ್ಕೆ ಎಷ್ಟು ಚೆನ್ನಾಗಿದ್ದಾರೆ ಅನ್ನುವುದನ್ನು ಇಬ್ಬರೂ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬೇಕು. ಆಮೇಲೆ ತಾನು ಎಷ್ಟು ಅನ್ನುವುದನ್ನು ಬಾಯಿಬಿಟ್ಟು ಹೇಳಬೇಕು. ಹೇಳಿದ ಅಂಕಿಗೂ ಚೀಟಿಯ ಅಂಕಿಗೂ ಒಂದು ಆಚೀಚೆಯಾದರೆ ಪರವಾಗಿಲ್ಲ. ಎರಡು ಬಂತೋ, ಕೆಲಸ ಅಲ್ಲಿಗೇ ನಿಂತು ಸವಾರಿ ನೇರ ಡಾಕ್ಟರಮ್ಮನ ಕೋಣೆಗೆ. ಅಂಕಿ ಐದೋ ಅದಕ್ಕಿಂತ ಕೆಳಗೋ ಇದ್ದರೂ ಅಷ್ಟೇ.

ಇದನ್ನು ತಂದವರು ಮೀಸೆ ಸರ್. ಮುಖ್ಯ ತರಬೇತುದಾರರು, ಮೀಸೆ ಬೆಳ್ಳಗಾಗಿದ್ದರೂ ಅದರ ಗತ್ತು ಇಳಿದಿರಲಿಲ್ಲ. ಹಿಂದೆ ಯಾರೋ ಒಬ್ಬ ಜ್ವರ ಮುಚ್ಚಿಟ್ಟು ಕೊಳಕ್ಕಿಳಿದು, ಅವನನ್ನು ಮೇಲೆತ್ತುವಷ್ಟರಲ್ಲಿ ಎಲ್ಲರ ಜೀವ ಬಾಯಿಗೆ ಬಂದಿತ್ತಂತೆ. "ಥರ್ಮಾಮೀಟರಿಗೆ ಟೋಪಿ ಹಾಕಬಹುದು. ದಿನಾ ಎದುರಿಗೆ ಕೂತು ಉಣ್ಣೋರಿಗೆ ಹಾಕೋಕಾಗಲ್ಲ," ಅನ್ನುತ್ತಿದ್ದರು ಅವರು. "ನಾನು ಆರು ಅಂತ ಗೊತ್ತಿರೋನು ಆರರ ಹಾಗೆ ಜೋಪಾನವಾಗಿರ್ತಾನೆ. ಆರಾಗಿದ್ದು ಒಂಬತ್ತು ಅನ್ಕೊಂಡಿರ್ತಾನಲ್ಲ, ಅವನು ನಂಗೆ ಬೇಡ."

ಉಡಾವಣೆಗೆ ಇನ್ನು ಮೂರೇ ದಿನ. ಈ ಹಾರಾಟದ ಜೋಡಿಯಲ್ಲಿ ಒಬ್ಬಳಾದ ಅವಳು "ಎಂಟು" ಅಂತ ಬರೆದು, ಮಡಿಚಿ, ಡಬ್ಬಿಗೆ ಹಾಕಿದಳು. ಎದುರು ಕೂತಿದ್ದ ಮೇಷ್ಟ್ರು "ಎಂಟು" ಅಂದರು. ಹೊಂದಿತು. ಎರಡು ವರ್ಷದಲ್ಲಿ ಅವರ ಅಂಕಿ ಅವಳ ಚೀಟಿಗೆ ಹೊಂದದೇ ಹೋದದ್ದೇ ಇಲ್ಲ. ಆದರೂ ಅವಳ ತಲೆಯೊಳಗೆ ಹುಳ ಬಿಟ್ಟ ಹಾಗಾಗಿತ್ತು, ಏಕೆಂದರೆ ಆ ಎಂಟು ಕಣ್ಣಿಗೆ ಕಂಡದ್ದಲ್ಲ, ಕೈಗೆ ರೂಢಿಯಾದದ್ದು.

ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ. ಹೊಸ ವಿಮಾನಗಳನ್ನು ಮೊದಲ ಸಲ ಹಾರಿಸಿ ನೋಡುವ ಪೈಲಟ್. ಟೈಮೆಷ್ಟು ಅಂತ ಕೇಳಿದರೆ ಗಡಿಯಾರ ಹೇಗೆ ಓಡುತ್ತದೆ ಅನ್ನುವಲ್ಲಿಂದ ಶುರು ಮಾಡುವ ಚಾಳಿ ಇತ್ತು ನೋಡಿ, ಹೆಸರು ಅಂಟಿಕೊಂಡುಬಿಟ್ಟಿತು. ಒಬ್ಬರೇ ಕೂರುವ ಹೊಸ ನೌಕೆಯಲ್ಲಿ ಮೇಲಿನ ನಿಲ್ದಾಣಕ್ಕೆ ಹೋಗಿ, ಎಂಟು ದಿನ ಇದ್ದು ಬರಬೇಕಾದವರು ಅವರು. ಅವರಿಗೆ ಏನಾದರೂ ಆದರೆ ಹೋಗಬೇಕಾದವಳು ಅವಳು. ಹಾಗಾಗಿ ಅಡುಗೆಯವನಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರ ಬಾಯಲ್ಲೂ ಅವಳು ಬದಲಿ ಮೇಡಂ. ಬದಲಿಯ ಕೆಲಸ ಏನು ಅಂತೀರಾ? ಅವರು ಕಲಿತದ್ದನ್ನೆಲ್ಲ ಕಲಿಯುವುದು, ಅವರಷ್ಟೇ ಓಡುವುದು, ಗಿರಗಿಟ್ಲೆಯಲ್ಲಿ ಅವರಷ್ಟೇ ವಾಂತಿ ಮಾಡಿಕೊಳ್ಳುವುದು, ಕೊನೆಯ ದಿನ ಕೆಳಗೆ ನಿಂತು ಕೈ ಬೀಸುವುದು.

ಇಲ್ಲಿಗೆ ಬರುವ ಮೊದಲು ಅವಳು ಸೇತುವೆಗಳನ್ನು ಪರೀಕ್ಷಿಸುವ ಇಂಜಿನಿಯರ್ ಆಗಿದ್ದಳು. ಸುತ್ತಿಗೆ ಹಿಡಿದು ಬೋಲ್ಟುಗಳಿಗೆ ತಟ್ಟುತ್ತಾ, ಯಾವುದು ಸಡಿಲ, ಯಾವುದು ಬಿಗಿ ಅಂತ ಸದ್ದಿನಲ್ಲೇ ಹೇಳುವ ಕೆಲಸ. ಅದೇ ಗುಣ ಮನೆಗೂ ಬಂತು, ಇಲ್ಲಿಗೂ ಬಂತು. ಮೊಸರಲ್ಲಿ ಕಲ್ಲು ಹುಡುಕುವುದರಲ್ಲಿ ಅವಳದು ಎತ್ತಿದ ಕೈ. ನಿನ್ನ ಪಟ್ಟಿ ತಿರುಚಿಕೊಂಡಿದೆ, ನಿನ್ನ ಕೈಗವಸಿನ ಬೀಗ ಅರ್ಧ ಬಿದ್ದಿದೆ, ನೀನು ಮೂರನೇ ಸಾಲು ಓದದೆ ನಾಲ್ಕಕ್ಕೆ ಹೋದೆ. ಇಂಥವಳನ್ನು ಯಾರು ಮುದ್ದು ಮಾಡುತ್ತಾರೆ?

ಮುದ್ದು ಮಾಡಲಿಲ್ಲ. ನಾಲ್ಕು ಸಾವಿರ ಅರ್ಜಿಗಳಲ್ಲಿ ಸೋಸಿ, ಜರಡಿ ಹಿಡಿದು, ಕೊನೆಗೆ ಎಂಟು ಜನ ಉಳಿದಾಗ, ಆ ಎಂಟೂ ಜನರನ್ನು ಸಮುದ್ರದಲ್ಲಿ ಒಂದು ರಬ್ಬರ್ ತೆಪ್ಪದ ಮೇಲೆ ನಾಲ್ಕು ದಿನ ಬಿಟ್ಟರು. ನೌಕೆ ದಾರಿ ತಪ್ಪಿ ನೀರಿಗೆ ಬಿದ್ದರೆ ಬದುಕುವ ಅಭ್ಯಾಸ ಅದು. ದಡಕ್ಕೆ ಬಂದ ಮೇಲೆ ಒದ್ದೆ ಬಟ್ಟೆಯಲ್ಲೇ ಕೂರಿಸಿ, "ಇವರಲ್ಲಿ ಒಬ್ಬರನ್ನು ಬಿಟ್ಟು ಹೋಗಬೇಕಾದರೆ ಯಾರನ್ನು ಬಿಡ್ತೀರಿ, ಬರೀರಿ" ಅಂದರು. ಆರು ಜನ ಅವಳನ್ನೇ ಬರೆದರು. ಅವಳ ಕಥೆ ಅಲ್ಲಿಗೆ ಮುಗಿದಿತ್ತು. ಏಳನೆಯವರು ಮೇಷ್ಟ್ರು. ಅವರು ಖಾಲಿ ಹಾಳೆ ಕೊಟ್ಟು, ಎದ್ದು ನಿಂತು ಹೇಳಿದ್ದರು: "ಆಯಮ್ಮ ತಲೆ ತಿಂತಾಳೆ, ನಿಜ. ಆದ್ರೆ ತೆಪ್ಪದ ಕವಾಟ ಸೋರ್ತಿರೋದನ್ನ ಕಂಡಿದ್ದು ಯಾರು? ತಪ್ಪು ಹೇಳೋಳನ್ನೇ ಬಿಟ್ಟು ಹೋದ್ರೆ ನಮ್ಮ ತಪ್ಪು ನಮಗೆ ಯಾರ್ರೀ ಹೇಳ್ತಾರೆ?"

ಆ ಒಂದು ಮಾತಿನಿಂದ ಅವಳು ಉಳಿದಳು. ಅವರನ್ನು ಕಂಡರೆ ಅವಳಿಗೆ ಪ್ರಾಣ. ಅವರು ಅವಳ ಬಗ್ಗೆ ಬರೆಯುವ ಚೀಟಿಯಲ್ಲೂ ಯಾವಾಗಲೂ ಒಂದು ಅಂಕಿ ಜಾಸ್ತಿಯೇ. ಅವಳು ಏಳು ಅಂದರೆ ಚೀಟಿಯಲ್ಲಿ ಎಂಟು, ಎಂಟು ಅಂದರೆ ಒಂಬತ್ತು. "ಏನ್ರೀ, ಗ್ರೇಸ್ ಮಾರ್ಕ್ಸ್ ಕೊಡ್ತೀರಾ?" ಅಂತ ಮೀಸೆ ಸರ್ ಗೊಣಗುತ್ತಿದ್ದರು. ಮೇಷ್ಟ್ರು ನಗುತ್ತಿದ್ದರು.

ಈಗ ಅದೇ ಮೇಷ್ಟ್ರಲ್ಲಿ ಅವಳಿಗೆ ಏನೋ ಸಡಿಲವಾಗಿರುವುದು ಕಾಣುತ್ತಿತ್ತು.

ಹಿಂದಿನ ದಿನ ಊಟದ ಮೇಜಿನಲ್ಲಿ ಅವರ ಚಮಚ ಕೆಳಗೆ ಬಿತ್ತು. ಯಾರಾದರೂ ಬಗ್ಗಿ ಎತ್ತಿಕೊಳ್ಳುತ್ತಾರೆ. ಅವರು ಬೆನ್ನು ನೆಟ್ಟಗೆ ಇಟ್ಟುಕೊಂಡೇ ಮಂಡಿ ಮಡಿಚಿ ಕೂತು, ಕೈಯಿಂದ ನೆಲ ತಡವಿ ಎತ್ತಿಕೊಂಡರು, ತಲೆಯ ಮೇಲೆ ತುಂಬಿದ ಕೊಡ ಇರುವವರ ಹಾಗೆ. ಮೆಟ್ಟಿಲಿಳಿಯುವಾಗ ಗೋಡೆಗೆ ಎರಡು ಬೆರಳು. ಕರೆದರೆ ಕತ್ತು ತಿರುಗಿಸುತ್ತಿರಲಿಲ್ಲ, ಇಡೀ ಮೈ ತಿರುಗಿಸುತ್ತಿದ್ದರು. ಅಡುಗೆಯವನು ಬಲಗಡೆಯಿಂದ ಬಂದು ಒಂದು ಜೋಕು ಹೇಳಿದ. ಎಲ್ಲರೂ ನಕ್ಕ ಮೇಲೆ ಅವರು ನಕ್ಕರು.

ಕಂಡದ್ದೇನೋ ಕಂಡಿತು. ಆದರೆ ಕಂಡದ್ದು ಕಣ್ಣಿಗೋ, ಆಸೆಗೋ? ಅವಳಿಗೆ ನಲವತ್ತನಾಲ್ಕು. ನಲವತ್ತೈದು ದಾಟಿದವರಿಗೆ ಮೊದಲ ಹಾರಾಟವಿಲ್ಲ ಅನ್ನುವುದು ನಿಯಮ. ಮುಂದಿನ ಹಾರಾಟ ಎರಡು ವರ್ಷದ ಮೇಲೆ. ಮೇಷ್ಟ್ರು ಹೋದರೆ ಅವಳು ಯಾವತ್ತಿಗೂ ಹೋಗುವುದಿಲ್ಲ. ಮೇಷ್ಟ್ರು ಬಿದ್ದರೆ ಹೋಗುತ್ತಾಳೆ. ಹೀಗಿರುವಾಗ ಮೇಷ್ಟ್ರ ಚಮಚ ಬಿದ್ದದ್ದು ಅವಳ ಕಣ್ಣಿಗೆ ಬೀಳದೆ ಇನ್ಯಾರ ಕಣ್ಣಿಗೆ ಬೀಳಬೇಕು? ಥೂ, ನಾನೆಂಥ ಹದ್ದು ಅಂತ ಅವಳಿಗೇ ಅಸಹ್ಯವಾಯಿತು. ಅದಕ್ಕೇ ಆ ಬೆಳಿಗ್ಗೆ ಎಂಟು ಬರೆದಿದ್ದಳು.

ಮಾರನೆಯ ದಿನವೂ ಎಂಟು ಬರೆದಳು. ಬರೆದು ಎದ್ದವಳು ಮೇಷ್ಟ್ರ ಜೊತೆ ನಕಲಿ ನೌಕೆಗೆ ಹೋದಳು. ಅದು ನಿಜವಾದ ನೌಕೆಯ ಒಳಭಾಗವನ್ನೇ ಕೂದಲೆಳೆಯಷ್ಟೂ ಬಿಡದೆ ಮಾಡಿಟ್ಟ ಪೆಟ್ಟಿಗೆ. ಮುಂದೆ ಪರದೆಯ ಮೇಲೆ ನಿಲ್ದಾಣ ಹತ್ತಿರ ಬರುತ್ತದೆ. ಯಂತ್ರ ಕೈಕೊಟ್ಟರೆ ಎರಡು ಹಿಡಿಗಳಿಂದ ನೌಕೆಯನ್ನು ಒಂದು ತಟ್ಟೆಯಗಲದ ಬಾಗಿಲಿಗೆ ತಂದು ಕೂಡಿಸಬೇಕು. ಮೇಷ್ಟ್ರು ಇದನ್ನು ಕಣ್ಣು ಮುಚ್ಚಿಕೊಂಡು ಮಾಡಬಲ್ಲರು ಅಂತ ಎಲ್ಲರೂ ಅನ್ನುತ್ತಿದ್ದರು. ಆ ದಿನವೂ ಮಾಡಿದರು. ಪರದೆಯಲ್ಲಿ ಹಸಿರು ದೀಪ ಬಂತು, ಆಚೆ ಕೂತಿದ್ದವರು ಚಪ್ಪಾಳೆ ತಟ್ಟಿದರು.

ಪೆಟ್ಟಿಗೆಯ ಹಿಂದೆ, ನೋಡುವವರಿಗೆಂದು ಹಾಕಿದ್ದ ಸೀಟಿನಲ್ಲಿದ್ದ ಅವಳು ಚಪ್ಪಾಳೆ ತಟ್ಟಲಿಲ್ಲ. ನೌಕೆ ಐದು ಸಲ ಬಲಕ್ಕೆ ವಾಲಿತ್ತು, ಕೂದಲೆಳೆಯಷ್ಟೇ. ಐದು ಸಲವೂ ಮೇಷ್ಟ್ರು ಸರಿಮಾಡಿದ್ದರು. ಸರಿಮಾಡಿದ್ದು ಎಲ್ಲರಿಗೂ ಕಂಡಿತು, ವಾಲಿದ್ದು ಅವಳಿಗೆ ಕಂಡಿತು. ಎರಡು ವರ್ಷದಲ್ಲಿ ಅವರ ಕೈಯಲ್ಲಿ ನೌಕೆ ಯಾವ ಕಡೆಗೂ ವಾಲಿದ್ದನ್ನು ಅವಳು ನೋಡಿರಲಿಲ್ಲ.

ಆ ಮಧ್ಯಾಹ್ನ ಮನೆಯವರು ಬರುವ ಹೊತ್ತು. ಉಡಾವಣೆಗೆ ಮುಂಚೆ ಯಾರ ಕೆಮ್ಮು ನೆಗಡಿಯೂ ತಾಗಬಾರದೆಂದು ಗಗನಯಾತ್ರಿಗಳನ್ನು ಪ್ರತ್ಯೇಕವಾಗಿ ಇಟ್ಟಿರುತ್ತಾರೆ. ಮಧ್ಯೆ ದಪ್ಪ ಗಾಜು. ಎರಡೂ ಕಡೆ ಟೆಲಿಫೋನು. ಜೈಲಿನ ಭೇಟಿಯ ಹಾಗೇ, ಕೈದಿಗಳ ಊಟ ಮಾತ್ರ ಚೆನ್ನಾಗಿತ್ತು.

ಅವಳ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಲಿಫ್ಟ್ ರಿಪೇರಿಯವರು, ಎಪ್ಪತ್ತಾದರೂ ಕೆಲಸ ಬಿಟ್ಟಿರಲಿಲ್ಲ. "ನಾನು ಜನರನ್ನ ಹದಿನಾಲ್ಕನೇ ಮಹಡಿಗೆ ಕಳಿಸ್ತೀನಿ, ನನ್ನ ಮಗಳು ಅದಕ್ಕಿಂತ ಸ್ವಲ್ಪ ಮೇಲೆ" ಅನ್ನುವುದು ಅವರ ಖಾಯಂ ಜೋಕು. ಜೊತೆಗೆ ಒಯ್ಯಲು ಅನುಮತಿಯಿದ್ದ ಪುಟ್ಟ ಪೊಟ್ಟಣದಲ್ಲಿ ಅವಳು ಅವರ ಲಿಫ್ಟಿನ ಕೀಲಿಯನ್ನಿಟ್ಟಿದ್ದಳು, ಸಿಕ್ಕಿಬಿದ್ದವರನ್ನು ಹೊರಗೆ ತರಲು ಬಾಗಿಲು ತೆರೆಯುವ ಮೂರು ಮೂಲೆಯ ಕೀಲಿ. ಬದಲಿಗಳ ಪೊಟ್ಟಣ ಎಲ್ಲಿಗೂ ಹೋಗುವುದಿಲ್ಲ ಅನ್ನುವುದು ಅಪ್ಪನಿಗೆ ಗೊತ್ತಿತ್ತು. ಆದರೂ ಕೊಟ್ಟಿದ್ದರು.

"ಯಾಕೆ, ಮುಖ ಇಷ್ಟು ಸಪ್ಪಗಿದೆ?" ಅಂದರು ಅಪ್ಪ.

"ಏನಿಲ್ಲಪ್ಪ. ನಿದ್ದೆ ಸರಿಯಾಗಿಲ್ಲ."

"ನಿದ್ದೆ ಬರಲ್ಲ ಅಂದ್ರೆ ಏನೋ ಬಾಕಿ ಇಟ್ಟಿದ್ದೀಯ ಅಂತ ಅರ್ಥ. ಎಲ್ಲ ಸರಿಯಿದೆ ಅಂತ ಲಿಫ್ಟೊಳಗೆ ಚೀಟಿ ಅಂಟಿಸಿ ಸಹಿ ಹಾಕ್ತೀನಲ್ಲ, ಆ ಹೊಸ ಹೋಟೆಲಲ್ಲಿ ಹಾಕ್ಲಿಲ್ಲ, ನೆನಪಿದ್ಯಾ? ಬಾಗಿಲು ತೆರೆಯೋ ದಿನಾನೇ ನಾನು ಲಿಫ್ಟ್ ಬಂದ್ ಮಾಡಿಸ್ದೆ. ಹಗ್ಗ ಯಾಕೋ ಸರಿ ಕಾಣ್ಲಿಲ್ಲ. ಓನರು ಅನ್ನಬಾರದ್ದೆಲ್ಲ ಅಂದ. ಹೊಟ್ಟೆಕಿಚ್ಚಿನ ಮುದುಕ ಅಂದ. ಅನ್ನಿಸ್ಕೊಂಡು ಬಂದು ಗೊರಕೆ ಹೊಡ್ದೆ."

"ಹಗ್ಗ ನಿಜವಾಗ್ಲೂ ಹಾಳಾಗಿತ್ತಾ?"

"ಯಾರಿಗ್ಗೊತ್ತು? ಬಿಚ್ಚಿ ಹೊಸದು ಹಾಕಿದ್ರು. ಹಳೇದು ಇನ್ನೂ ಹತ್ತು ವರ್ಷ ಬರ್ತಿತ್ತೋ ಏನೋ." ಅಪ್ಪ ಭುಜ ಕುಣಿಸಿದರು. "ನೀನು ಊಟ ಸರಿಯಾಗಿ ಮಾಡ್ತಿದ್ದೀಯ ತಾನೆ?"

ಪಕ್ಕದ ಗಾಜಿನಲ್ಲಿ ಮೇಷ್ಟ್ರು, ಆಚೆ ಅವರ ಹೆಂಡತಿ ಮತ್ತು ಹತ್ತು ವರ್ಷದ ಮಗಳು. ಮಗಳು ಏನೋ ಅಭಿನಯಿಸಿ ತೋರಿಸುತ್ತಿದ್ದಳು, ಮೇಷ್ಟ್ರು ಬಿದ್ದು ಬಿದ್ದು ನಗುತ್ತಿದ್ದರು. ಟೆಲಿಫೋನು ಬಲಗಡೆಯ ಗೋಡೆಗಿತ್ತು. ಅವರು ಅದರ ವೈರನ್ನು ಎದೆಯ ಮೇಲಿಂದ ಪೂರ್ತಿ ಎಳೆದುಕೊಂಡು, ಎಡಗಿವಿಗೆ ಇಟ್ಟುಕೊಂಡಿದ್ದರು.

ಮನೆಯವರು ಹೋದ ಮೇಲೆ ಉದ್ದನೆಯ ಓಣಿಯಲ್ಲಿ ಇಬ್ಬರೂ ವಾಪಸು ಬರುತ್ತಿದ್ದರು. ಅವಳು ಬೇಕೆಂದೇ ಅವರ ಬಲಕ್ಕೆ ಬಂದು, ಮಾಮೂಲಿ ದನಿಯಲ್ಲಿ "ಮೇಷ್ಟ್ರೇ, ನಿಮ್ಮ ಲೇಸು ಬಿಚ್ಚಿದೆ" ಅಂದಳು. ಅವರು ನಡೆಯುತ್ತಲೇ ಇದ್ದರು. ಅವಳು ಮುಂದೆ ಹೋಗಿ ಅಡ್ಡ ನಿಂತಳು.

"ಬಲಗಿವಿಗೆ ಏನಾಗಿದೆ?"

ಮೇಷ್ಟ್ರು ಮೊದಲು ನಕ್ಕರು, ಆಮೇಲೆ ಹಿಂದೆ ಮುಂದೆ ನೋಡಿದರು. "ಮೆತ್ತಗೆ ಮಾತಾಡು. ಏನಿಲ್ಲ, ಕೊನೇ ಸಲ ಕೊಳಕ್ಕೆ ಇಳಿದಾಗಿಂದ ಕಟ್ಕೊಂಡಿದೆ. ಕಿವಿ ಕಟ್ಟೋದು ಯಾರಿಗಾಗಲ್ಲ ಹೇಳು?"

"ತಲೆ ಸುತ್ತುತ್ತಾ?"

"ಬಗ್ಗಿದ್ರೆ ಮಾತ್ರ."

"ಡಾಕ್ಟರಮ್ಮ ಕಿವಿ ನೋಡ್ಲಿಲ್ವಾ?"

"ದೊಡ್ಡ ಪರೀಕ್ಷೆ ಎಲ್ಲ ಮುಗಿದ ಮೇಲೆ ಕಟ್ಟಿದ್ದು ಇದು. ಈಗೇನಿದ್ರೂ ಜ್ವರ, ನಾಡಿ, ಗಂಟಲು. ಮೇಲೆ ಹೋದ್ರೆ ತಾನೇ ಬಿಟ್ಕೊಳುತ್ತೆ."

"ನೀವೇ ಹೋಗಿ ಹೇಳಿ, ಮೇಷ್ಟ್ರೇ. ಇವತ್ತೇ ಹೇಳಿದ್ರೆ ಔಷಧಿ ಏನಾದ್ರೂ..."

"ಹೇಳಿದ್ರೆ ಏನಾಗುತ್ತೆ ಅಂತ ನಿಂಗೆ ಗೊತ್ತಿಲ್ವಾ?" ಅವರ ದನಿ ತಟ್ಟನೆ ಗಡುಸಾಯಿತು. "ನಿಂಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಕೆನ್ನೆಗೆ ಹೊಡೆದಂತಾಯಿತು. ಮೇಷ್ಟ್ರಿಗೂ ಆಡಿದ ಮಾತು ಹೆಚ್ಚಾಯಿತು ಅನ್ನಿಸಿರಬೇಕು, ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಆಗ ಅವರು ಇದ್ದಕ್ಕಿಂತ ಹತ್ತು ವರ್ಷ ವಯಸ್ಸಾದವರಂತೆ ಕಂಡರು.

"ಹತ್ತೊಂಬತ್ತು ವರ್ಷ ಕಾದಿದ್ದೀನಿ ಕಣಮ್ಮ. ನಂಗೂ ಇದೇ ಕೊನೇದು. ಬೇಡ್ಕೋತಿದ್ದೀನಿ ಅಂತಾನೇ ಅನ್ಕೋ. ಇನ್ನೂ ಒಂದು ಮಾತು, ನಿನ್ನ ಒಳ್ಳೇದಕ್ಕೇ ಹೇಳ್ತೀನಿ. ನಾಳೆ ನೀನು ಕಡಿಮೆ ಬರೆದ್ರೆ ಯಾರೂ ನನ್ನ ಕಿವಿ ಬಗ್ಗೆ ಮಾತಾಡಲ್ಲ. ಬದಲಿ ಸೀಟು ಕಿತ್ಕೊಂಡ್ಲು ಅಂತಾರೆ. ಸಾಯೋವರೆಗೂ ಅಂತಾರೆ."

ಅದು ಸುಳ್ಳಲ್ಲ ಅನ್ನುವುದೇ ಅವಳ ಕೈಕಾಲು ಕಟ್ಟಿಹಾಕಿತು. ಆ ರಾತ್ರಿ ಅವಳು ಕಣ್ಣು ಮುಚ್ಚಲಿಲ್ಲ. ಹೇಳಿದರೆ ಬೆನ್ನಿಗೆ ಚೂರಿ ಹಾಕಿದವಳು. ಹೇಳದಿದ್ದರೆ ಒಳ್ಳೆಯ ಗೆಳತಿ. ಮೇಲೆ ಏನಾದರೂ ಆದರೆ ಅತ್ತು ಕರೆದು ಎಲ್ಲರಿಂದ ಸಮಾಧಾನ ಹೇಳಿಸಿಕೊಳ್ಳುವ ಗೆಳತಿ. ಬರೀ ಕಟ್ಟಿದ ಕಿವಿ ಇರಬಹುದು. ಇರದಿರಬಹುದು. ನೌಕೆ ಐದು ಸಲ ವಾಲಿದ್ದು ಮಾತ್ರ ಅವಳ ಕಣ್ಣ ಮುಂದಿಂದ ಹೋಗಲಿಲ್ಲ.

ಕೊನೆಯ ಬೆಳಿಗ್ಗೆ ಡಬ್ಬಿ ಬಂತು. ಮಾರನೆಯ ಮಧ್ಯಾಹ್ನ ಉಡಾವಣೆ. ಇದಾದ ಮೇಲೆ ಚೀಟಿ ಇಲ್ಲ. ಮೇಜಿನ ಆ ತುದಿಯಲ್ಲಿ ಮೀಸೆ ಸರ್, ಗೋಡೆ ಪಕ್ಕ ಡಾಕ್ಟರಮ್ಮ.

ಮೇಷ್ಟ್ರು ಶಿಳ್ಳೆ ಹಾಕುತ್ತಾ ಬಂದರು. ಹೆಜ್ಜೆ ನೆಟ್ಟಗಿತ್ತು, ಮುಖ ಇಷ್ಟಗಲ ಅರಳಿತ್ತು. ಕೂರುವ ಮೊದಲು ಪೆನ್ಸಿಲನ್ನು ಬೇಕೆಂದೇ ಜಾರಿಸಿದರು. ಅವಳನ್ನೇ ನೋಡುತ್ತಾ, ಎಲ್ಲರ ಹಾಗೆ ಸೊಂಟ ಬಗ್ಗಿಸಿ ಎತ್ತಿಕೊಂಡು, ಹುಬ್ಬು ಹಾರಿಸಿದರು. ನೋಡಿದೆಯಾ, ಸರಿಹೋಯ್ತು ಅನ್ನುವ ಹಾಗೆ. ಅವಳಿಗೆ ಒಂದು ಕ್ಷಣ ಹೋದ ಜೀವ ಬಂದಂತಾಯಿತು. ದೇವರೇ, ಸರಿಹೋಗಿದ್ದರೆ ಸಾಕು, ನನಗೆ ಏನೂ ಬೇಡ ಅಂದುಕೊಂಡಳು, ನಿಜವಾಗಿಯೂ ಅಂದುಕೊಂಡಳು. ಆಮೇಲೆ ಅವರ ಇನ್ನೊಂದು ಕೈ ಕಂಡಿತು. ಮೇಜಿನ ಅಂಚನ್ನು ಹಿಡಿದಿದ್ದ ಕೈ. ಗೆಣ್ಣುಗಳು ಬಿಳಿಚಿಕೊಂಡಿದ್ದವು.

ಅವಳು ಚೀಟಿ ಎಳೆದುಕೊಂಡಳು. ತೆಪ್ಪದಿಂದಿಳಿದ ದಿನ ಒದ್ದೆ ಬಟ್ಟೆಯಲ್ಲಿ ಎದ್ದು ನಿಂತು ಇವರು ಆಡಿದ ಮಾತು ನೆನಪಾಯಿತು. ಅದು ನೆನಪಾಗದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. "ಐದು" ಅಂತ ಬರೆದಳು. ಮಡಿಚಿ ಡಬ್ಬಿಗೆ ಹಾಕಿದಳು.

"ಹೇಳಿ," ಅಂದರು ಮೀಸೆ ಸರ್.

"ಎಂಟು," ಅಂದರು ಮೇಷ್ಟ್ರು.

ಮೀಸೆ ಸರ್ ಚೀಟಿ ಬಿಚ್ಚಿದರು. ಓದಿದರು. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ಓದಿದರು. "ಐದು," ಅಂದರು ಮೆಲ್ಲಗೆ.

ಡಾಕ್ಟರಮ್ಮ ಎದ್ದು ಬಾಗಿಲು ತೆರೆದು ಹಿಡಿದರು. ಮೇಷ್ಟ್ರು ಅವಳ ಕಡೆ ನೋಡಲಿಲ್ಲ. ಎದ್ದು, ಕುರ್ಚಿಯನ್ನು ಮೇಜಿನೊಳಕ್ಕೆ ತಳ್ಳಿ, ಹೊರಟುಹೋದರು. ಮೇಷ್ಟ್ರು ಅವಳ ಬಗ್ಗೆ ಬರೆದು ಡಬ್ಬಿಗೆ ಹಾಕಿದ್ದ ಚೀಟಿಯನ್ನು ಮೀಸೆ ಸರ್ ಓದದೆಯೇ ಹರಿದು ಕಸದ ಬುಟ್ಟಿಗೆ ಹಾಕಿದರು. "ಇದು ಈಗ ಲೆಕ್ಕಕ್ಕಿಲ್ಲ. ಅವರು ಬರಲಿ," ಅಂದರು.

ಒಂದೂವರೆ ಗಂಟೆ. ಗಿರಗಿಟ್ಲೆಯಲ್ಲಿ ಎದೆಯ ಮೇಲೆ ಎಂಟು ಜನ ಕೂತಷ್ಟು ಭಾರ ಬಿದ್ದಾಗಲೂ ಅವಳಿಗೆ ಉಸಿರಾಡಲು ಇಷ್ಟು ಕಷ್ಟವಾಗಿರಲಿಲ್ಲ. ಕಿವಿಯಲ್ಲಿ ಏನೂ ಇಲ್ಲ ಅಂತಾದರೆ? ಅವರೇ ಹೋಗುತ್ತಾರೆ, ಹೋಗುವ ಹಿಂದಿನ ದಿನ ಬದಲಿ ಕೈಕೊಟ್ಟಳು ಅನ್ನುವ ಸಂಕಟ ಹೊತ್ತುಕೊಂಡು. ಏನಾದರೂ ಇದೆ ಅಂತಾದರೆ? ಆ ಮಗಳಿಗೆ ಯಾರು ಹೇಳಬೇಕು? ಎರಡರಲ್ಲಿ ಯಾವುದಕ್ಕೆ ಪ್ರಾರ್ಥಿಸುವುದು ಅಂತಲೂ ತಿಳಿಯದೆ ಅವಳು ಡಬ್ಬಿಯ ಹೂವಿನ ಎಸಳುಗಳನ್ನು ಎಣಿಸುತ್ತಾ ಕೂತಳು. ನೆಲ ಒರೆಸುವಾಕೆ ಬಾಗಿಲಲ್ಲಿ ಇಣುಕಿ, ಅವಳನ್ನು ನೋಡಿ, ತಲೆ ಹಿಂದಕ್ಕೆಳೆದುಕೊಂಡು ಹೋದಳು. ಸುದ್ದಿ ಆಗಲೇ ಅಡುಗೆಮನೆಗೆ ತಲುಪಿತ್ತು ಅಂತಾಯಿತು.

ಡಾಕ್ಟರಮ್ಮ ಬಂದರು. ಸುತ್ತಿ ಬಳಸಿ ಮಾತಾಡುವವರಲ್ಲ ಅವರು. "ಕಿವಿಯ ಪೊರೆ ಹಿಂದೆ ಕೀವು ತುಂಬಿದೆ. ಒಳಗಿವಿಗೂ ಇಳಿದಿದೆ. ನೌಕೆ ಒಳಗೆ ಗಾಳಿ ಒತ್ತಡ ಸ್ವಲ್ಪ ಹೆಚ್ಚು ಕಮ್ಮಿ ಆಗಿದ್ರೂ ಪೊರೆ ಹರೀತಿತ್ತು. ಒಬ್ಬರೇ ಇರೋ ಕಡೆ, ಮೇಲ್ಯಾವುದು ಕೆಳಗ್ಯಾವುದು ಅಂತಾನೇ ಗೊತ್ತಾಗ್ತಿರ್ಲಿಲ್ಲ." ಕೈಗವಸು ಕಳಚುತ್ತಾ, "ನಾನು ನೋಡಬೇಕಿತ್ತು," ಅಂದರು.

ಅವಳಿಗೆ ಗೆದ್ದಂತೆ ಅನ್ನಿಸಲಿಲ್ಲ.

"ಸರಿ. ಆಸನ ಬದಲಾಯ್ತು, ಚೀಟಿನೂ ಹೊಸದು," ಅಂದರು ಮೀಸೆ ಸರ್. "ಈಗ ಹೋಗೋಳು ನೀನು. ನಿನ್ನ ಅಂಕಿ ಬೇಕು. ಬರೆಯೋಕೆ ಅವರೇ ಬರ್ತಾರೆ. ನಿನ್ನನ್ನ ಬಲ್ಲೋರು ಬೇರೆ ಯಾರೂ ಇಲ್ಲ ಇಲ್ಲಿ. ಹೊಂದಿದ್ರೆ ನಾಳೆ ಉಡಾವಣೆ. ಹೊಂದದೇ ಇದ್ರೆ ಎಲ್ಲ ಬಂದ್. ಆಮೇಲೆ ಯಾವಾಗ, ಯಾರು ಅನ್ನೋದು ನನ್ನ ಕೈಯಲ್ಲಿಲ್ಲ."

ಮೇಷ್ಟ್ರು ಬಂದರು. ಬಲಗಿವಿಯಲ್ಲಿ ಹತ್ತಿ. ಕಣ್ಣು ಕೆಂಪಗಿತ್ತು. ಅವಳ ಎದುರೇ ಕೂತರು, ಆದರೆ ನೋಟ ಮೇಜು ಬಿಟ್ಟು ಏಳಲಿಲ್ಲ. ಪೆನ್ಸಿಲ್ ತೆಗೆದುಕೊಂಡು, ಒಂದು ಸಲ ತಲೆಯೆತ್ತಿ ಅವಳನ್ನು ಪೂರ್ತಿ ನೋಡಿದರು, ಮುಖ, ಕೈ, ಮೇಜಿನ ಕೆಳಗೆ ಕುಣಿಯುತ್ತಿದ್ದ ಮಂಡಿ. ಬರೆದರು. ಮಡಿಚಿ ಡಬ್ಬಿಗೆ ಹಾಕಿದರು.

"ಹೇಳಮ್ಮ," ಅಂದರು ಮೀಸೆ ಸರ್. "ಹತ್ತಕ್ಕೆ ಎಷ್ಟು?"

ಅವಳ ತಲೆ ಓಡತೊಡಗಿತು. ಸಿಟ್ಟಿನಲ್ಲಿ ಬರೆದಿದ್ದರೆ ಮೂರೋ ನಾಲ್ಕೋ ಇರುತ್ತದೆ. ದೊಡ್ಡ ಮನಸ್ಸು ಮಾಡಿ ಬರೆದಿದ್ದರೆ ಎಂದಿನಂತೆ ಒಂಬತ್ತು. ಮೂರೋ ನಾಲ್ಕೋ ಆದರೆ ಏನಂದರೂ ಅವಳ ಕಥೆ ಮುಗಿಯಿತು, ಒಂಬತ್ತಾದರೆ ಇದ್ದದ್ದು ಇದ್ದ ಹಾಗೆ ಹೇಳಿದರೆ ಮುಗಿಯಿತು. ಎಂಟು ಅಂದರೆ? ಎಂಟು ಕೇಳಲು ಚೆನ್ನಾಗಿರುತ್ತದೆ, ಗಗನಯಾತ್ರಿ ಹೇಳಬೇಕಾದ ಅಂಕಿ ಅದು, ಗ್ರೇಸ್ ಮಾರ್ಕ್ಸ್ ಸೇರಿಸಿ ಮೇಷ್ಟ್ರು ಒಂಬತ್ತು ಬರೆದಿದ್ದರೆ ಹೊಂದಿಯೇ ಹೊಂದುತ್ತದೆ. ಬಾಯಿ ತೆರೆದಳು. ಎಂಟು ನಾಲಿಗೆಯ ತುದಿಗೆ ಬಂದಿತ್ತು. ಆಗ ನೆನಪಾಯಿತು: ಇದೇ ಮೇಜಿನ ಮುಂದೆ ಕೂತು ಮೇಷ್ಟ್ರು ಇದೇ ಎಂಟನ್ನು ಹೇಳಿ ಇನ್ನೂ ಎರಡು ಗಂಟೆಯಾಗಿರಲಿಲ್ಲ.

ಊಹಿಸುವುದನ್ನು ಬಿಟ್ಟಳು. ತನ್ನನ್ನೇ ಒಮ್ಮೆ ತಟ್ಟಿ ನೋಡಿಕೊಂಡಳು, ಬೋಲ್ಟಿಗೆ ತಟ್ಟುತ್ತಿದ್ದ ಹಾಗೆ. ನಿದ್ದೆ ಇಲ್ಲ. ಕೈ ನಡುಗುತ್ತಿದೆ. ಮನಸ್ಸು ಮುರಿದಿದೆ. ಆದರೆ ತಲೆ ತಿಳಿಯಾಗಿದೆ, ಕೆಲಸ ಗೊತ್ತಿದೆ.

"ಆರು," ಅಂದಳು.

ಡಾಕ್ಟರಮ್ಮ ತಲೆಯೆತ್ತಿದರು. ಉಡಾವಣೆಯ ಹಿಂದಿನ ದಿನ ಆ ಕೋಣೆಯಲ್ಲಿ ಯಾರೂ ಆರು ಅಂದದ್ದಿರಲಿಲ್ಲ. ಮೀಸೆ ಸರ್ ಡಬ್ಬಿಗೆ ಕೈ ಹಾಕಿ ಚೀಟಿ ಬಿಚ್ಚಿದರು. 'ಈ ಸಲ ಗ್ರೇಸ್ ಮಾರ್ಕ್ಸ್' ಅಂತ ಏನೋ ಹೇಳಲು ಹೋಗಿ, ಅರ್ಧಕ್ಕೇ ಬಿಟ್ಟು, ಚೀಟಿಯನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮಧ್ಯೆ ಇಟ್ಟರು.

ಆರು ಅಂತ ಇತ್ತು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಅವಳಿಗೆ ಅಳು ಒತ್ತರಿಸಿಕೊಂಡು ಬಂತು. ಇನ್ನು ತಡೆಯಲಾಗಲಿಲ್ಲ. ಎದ್ದು ಮೇಜು ಬಳಸಿಕೊಂಡು ಹೋಗಿ, ಅವರ ಬಲಕ್ಕೆ ನಿಂತು, "ಮೇಷ್ಟ್ರೇ, ನಾನು..." ಅಂತ ಶುರುಮಾಡಿದಳು.

ಮೇಷ್ಟ್ರು ಕೈ ಎತ್ತಿ ತಡೆದರು. ಮೀಸೆ ಸರ್ ಇದ್ದರು, ಡಾಕ್ಟರಮ್ಮ ಇದ್ದರು, ಬಾಗಿಲಲ್ಲಿ ನೆಲ ಒರೆಸುವಾಕೆ ಇದ್ದಳು. ಎಲ್ಲರಿಗೂ ಕೇಳುವ ಹಾಗೆಯೇ ಅಂದರು:

"ಈ ಕಡೆ ಬಂದು ಮಾತಾಡು. ಆ ಕಿವಿ ಕೇಳ್ಸಲ್ಲ."

ಅವಳು ಎಡಕ್ಕೆ ಹೋಗಿ ನಿಂತಳು. ಮೇಷ್ಟ್ರು ಕುರ್ಚಿಯೊಂದನ್ನು ಕಾಲಿನಿಂದಲೇ ಅವಳ ಕಡೆ ಸರಿಸಿ, ಚೀಟಿಯನ್ನು ಮಗುಚಿ, ಅದರ ಹಿಂಬದಿಯಲ್ಲಿ ನೌಕೆಯ ಎರಡು ಹಿಡಿಗಳ ಚಿತ್ರ ಬರೆಯತೊಡಗಿದರು. "ಕೂತ್ಕೋ. ಎಡಗೈ ಹಿಡಿ ಸ್ವಲ್ಪ ಬಿಗಿ ಇದೆ, ಅದು ಯಾಕೆ ಅಂತ ಮೊದಲಿಂದ ಹೇಳ್ತೀನಿ."